ಯಂತ್ರದ ತಾಳಕ್ಕೆ ಹತ್ತು ರಾಗ: ಚರಣ್‌ಜಿತ್ ಸಿಂಗ್ ಅವರ ಪ್ರಯೋಗದ ಮರುಪರಿಶೀಲನೆ

ಚರಣ್‌ಜಿತ್ ಸಿಂಗ್ ಅವರ ‘ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್’ ಧ್ವನಿಮುದ್ರಿಕೆಗೆ ಈಗ ಅಂಟಿರುವ ಹೆಸರು ‘ಆ್ಯಸಿಡ್ ಹೌಸ್‌ಗಿಂತ ಮೊದಲಿನ ಆ್ಯಸಿಡ್ ಹೌಸ್’ ಎಂದು. ಕಾಲಗಣನೆಯ ಮಟ್ಟಿಗೆ ಇದಕ್ಕೆ ಆಧಾರವಿದೆ. ಸಿಂಗ್ ಇದನ್ನು ನುಡಿಸಿದ್ದು 1982ರಲ್ಲಿ. ಆ್ಯಸಿಡ್ ಹೌಸ್ ಎಂಬ ವಿದ್ಯುನ್ಮಾನ ನೃತ್ಯಸಂಗೀತ ಪ್ರಕಾರಕ್ಕೆ ನಾಂದಿಯಾದ, ಚಿಕಾಗೋದ ಫ್ಯೂಚರ್ ತಂಡದ ‘ಆ್ಯಸಿಡ್ ಟ್ರ್ಯಾಕ್ಸ್’ ಹೊರಬಂದದ್ದು 1987ರಲ್ಲಿ. ಆದರೆ ಚಿಕಾಗೋವನ್ನೇ ಅಳತೆಗೋಲು ಮಾಡಿಕೊಂಡರೆ ಈ ಕೃತಿ ಬೇರೆಯವರ ಚರಿತ್ರೆಗೆ ಬರೆದ ಅಡಿಟಿಪ್ಪಣಿಯಾಗಿ ಉಳಿದುಬಿಡುತ್ತದೆ. ಇದನ್ನು ರಾಗ ಬಲ್ಲ ಕಿವಿಯಿಂದ ಕೇಳಬೇಕು ಎಂಬುದು ನನ್ನ ವಾದ.

ಸಿಂಗ್ ಮುಂಬೈ ಚಿತ್ರರಂಗದ ವಾದ್ಯಗಾರರು. ಗಿಟಾರ್, ಬೇಸ್, ಟ್ರಾನ್ಸಿಕಾರ್ಡ್ (ವಿದ್ಯುನ್ಮಾನ ಅಕಾರ್ಡಿಯನ್) ಎಲ್ಲವೂ ಅವರ ಕೈಯಲ್ಲಿ ಪಳಗಿದ್ದವು. ಆರ್.ಡಿ. ಬರ್ಮನ್ ಅವರ ತಂಡದಲ್ಲಿದ್ದಾಗ ‘ದಮ್ ಮಾರೋ ದಮ್’ ಹಾಡಿಗೆ ಟ್ರಾನ್ಸಿಕಾರ್ಡ್ ನುಡಿಸಿದವರೂ ಅವರೇ. 1980ರಲ್ಲಿ ‘ಕುರ್ಬಾನಿ’ ಚಿತ್ರಕ್ಕೆ ಬಿದ್ದು ಅಪ್ಪಯ್ಯ ‘ಆಪ್ ಜೈಸಾ ಕೋಯಿ’ ಸಂಯೋಜಿಸಿದ ಮೇಲೆ ಡಿಸ್ಕೋ ಹಿಂದಿ ಚಿತ್ರಗೀತೆಗಳನ್ನು ಆವರಿಸಿತು. ಅದೇ ತಾಳದ ಮೇಲೆ ಶಾಸ್ತ್ರೀಯ ರಾಗಗಳನ್ನು ನುಡಿಸಿದರೇನು ಎಂದು ಸಿಂಗ್ ಯೋಚಿಸಿದರು.

ಅದಕ್ಕೆ ಅವರು ಬಳಸಿದ್ದು ಜಪಾನಿನ ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳು: ತಾಳಕ್ಕೆ ಟಿಆರ್-808, ಮಂದ್ರದ ಸ್ವರಗಳಿಗೆ ಟಿಬಿ-303, ರಾಗದ ಎಳೆಗೆ ಜುಪಿಟರ್-8. ಬೇಸ್ ವಾದಕನ ಬದಲಿಗೆಂದು ರೂಪಿಸಿದ 303 ಮಾರಾಟದಲ್ಲಿ ಸೋತು, 1984ರಲ್ಲಿ ತಯಾರಿಕೆಯೇ ನಿಂತಿತು. ಆದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಸೌಲಭ್ಯ ಅದರಲ್ಲಿತ್ತು. ಪಿಯಾನೋ, ಹಾರ್ಮೋನಿಯಂಗಳಿಗೆ ಎಟುಕದ ಮೀಂಡಿನ ಛಾಯೆಯನ್ನು ಹೀಗೆ ಯಂತ್ರವೊಂದು ತಂದುಕೊಟ್ಟಿತು.

ಛಾಯೆಯನ್ನಷ್ಟೇ, ಪೂರ್ಣ ಮೀಂಡನ್ನಲ್ಲ. ಯಂತ್ರದ ಜಾರಿಕೆ ಪ್ರತಿ ಸಲವೂ ಒಂದೇ ವೇಗದ್ದು. ಭೈರವ್ ರಾಗದ ಜೀವ ಕೋಮಲ ರಿಷಭ, ಧೈವತಗಳ ಆಂದೋಲನದಲ್ಲಿದೆ. ಇಲ್ಲಿನ ಭೈರವ್‌ನಲ್ಲಿ ಅದು ಸೊರಗಿದೆ. ಐದೇ ಸ್ವರಗಳ ರಾಗಗಳಲ್ಲಿ ಮಾತ್ರ ಪ್ರಯೋಗ ನಿಜಕ್ಕೂ ಗೆಲ್ಲುತ್ತದೆ. ಮಾಲ್ಕೌಂಸ್, ಭೂಪಾಲಿ, ಕಲಾವತಿ, ಅಂದರೆ ಕರ್ನಾಟಕ ಪದ್ಧತಿಯವರ ಹಿಂದೋಳ, ಮೋಹನ, ವಲಚಿ, ಸ್ವರಗಳ ನಡುವೆ ಅಗಲವಾದ ಅಂತರವಿರುವ ರಾಗಗಳು. ಸ್ವರಗುಚ್ಛವೊಂದು ಮರಳಿ ಮರಳಿ ಬರುವಾಗಲೂ ಅಲ್ಲಿ ರಾಗದ ಮುಖ ಕೆಡುವುದಿಲ್ಲ. ಈ ಆಯ್ಕೆಯ ಹಿಂದೆ ರಾಗಲಕ್ಷಣವನ್ನು ಚೆನ್ನಾಗಿ ಬಲ್ಲ ಮನಸ್ಸು ಕಾಣುತ್ತದೆ. ಲಾಂಗ್‌ಪ್ಲೇ ತಟ್ಟೆಯ ಮಿತಿಯಿಂದಾಗಿ ಪ್ರತಿ ರಾಗಕ್ಕೆ ದಕ್ಕಿದ್ದು ಸುಮಾರು ಐದು ನಿಮಿಷ. ಆದ್ದರಿಂದ ವಿಸ್ತಾರವನ್ನು ಇಲ್ಲಿ ನಿರೀಕ್ಷಿಸುವುದು ನ್ಯಾಯವಲ್ಲ.

ಬಿಡುಗಡೆಯಾದಾಗ ಮಾರುಕಟ್ಟೆ ಈ ಧ್ವನಿಮುದ್ರಿಕೆಯನ್ನು ಗಮನಿಸಲಿಲ್ಲ. ಡಚ್ ಸಂಗ್ರಾಹಕ ಎಡೋ ಬೌಮನ್ ಅದರ ಪ್ರತಿಯೊಂದನ್ನು ದೆಹಲಿಯಲ್ಲಿ ಕಂಡು, 2010ರಲ್ಲಿ ಮರುಮುದ್ರಿಸಿದರು. ಎಪ್ಪತ್ತು ದಾಟಿದ ಸಿಂಗ್ ಯುರೋಪಿನ ವೇದಿಕೆಗಳಲ್ಲಿ ಅದೇ ರಾಗಗಳನ್ನು ನುಡಿಸಿ, 2015ರ ಜುಲೈನಲ್ಲಿ ಮುಂಬೈಯಲ್ಲಿ ತೀರಿಕೊಂಡರು.