ನಾವು ಪೊಮೆರೇನಿಯನ್ ಅಂದುಕೊಂಡ ನಾಯಿ

1990ರ ದಶಕದಲ್ಲಿ ದೆಹಲಿಯ ಡಿಡಿಎ ಫ್ಲ್ಯಾಟ್‌ಗಳಲ್ಲಿ ಇದ್ದವರಿಗೆ ಬಾಲ್ಕನಿಯಿಂದ ಬೊಗಳುತ್ತಿದ್ದ ಬಿಳಿ ನಾಯಿ ನೆನಪಿರುತ್ತೆ. ಎಲ್ರೂ ಅದನ್ನ ಪೊಮೆರೇನಿಯನ್ ಅಂತಿದ್ರು. ಆದರೆ ಅವುಗಳಲ್ಲಿ ಹೆಚ್ಚಿನವು ಇಂಡಿಯನ್ ಸ್ಪಿಟ್ಜ್.

ಎರಡಕ್ಕೂ ಮೂಲ ಒಂದೇ: ಜರ್ಮನಿಯ ಕಡೆಯ ಸ್ಪಿಟ್ಜ್. ಬಾಲ್ಟಿಕ್ ತೀರದ ಪೊಮೆರೇನಿಯಾದಿಂದ ಬಂದದ್ದು ಆ ಹೆಸರು. 1767ರಲ್ಲಿ ರಾಣಿ ಶಾರ್ಲೆಟ್ ಇಂಗ್ಲೆಂಡಿಗೆ ತರಿಸಿದಾಗ ಅವು ಸಾಕಷ್ಟು ದೊಡ್ಡ ನಾಯಿಗಳೇ. 1888ರಲ್ಲಿ ವಿಕ್ಟೋರಿಯಾ ರಾಣಿ ಇಟಲಿಯ ಫ್ಲಾರೆನ್ಸ್‌ನಿಂದ ಪುಟ್ಟದೊಂದನ್ನ ತಂದರು. ಆಮೇಲೆ ಚಿಕ್ಕದೇ ಫ್ಯಾಷನ್ ಆಯ್ತು. ಚಿಕ್ಕವನ್ನೇ ಆರಿಸಿ ಆರಿಸಿ ಮರಿ ಮಾಡಿಸಿದರು. ಇವತ್ತಿನ ಪೊಮೆರೇನಿಯನ್ ತೂಕ 2–3 ಕೆ.ಜಿ. ಅಷ್ಟೇ.

ಬ್ರಿಟಿಷರ ಜೊತೆ ಭಾರತಕ್ಕೆ ಬಂದ ಸ್ಪಿಟ್ಜ್‌ನ ದಾರಿ ಬೇರೆ. ಇಲ್ಲಿ ಅದನ್ನ ಬೊಂಬೆಯಷ್ಟು ಕುಗ್ಗಿಸಲಿಲ್ಲ. ಅದು ನಮ್ಮ ಸೆಕೆಗೂ ಮನೆ ಊಟಕ್ಕೂ ಒಗ್ಗಿಕೊಂಡಿತು. ಇದರಲ್ಲಿ ಚಿಕ್ಕ ಬಗೆಯೇ 5–7 ಕೆ.ಜಿ. ತೂಗುತ್ತೆ. 1994ರಲ್ಲಿ ‘ಹಮ್ ಆಪ್ಕೆ ಹೈ ಕೌನ್’ ಸಿನಿಮಾದ ಟಫಿ ಬಂದಾಗ ಬಿಳಿ ನಾಯಿ ಮನೆಮಾತಾಯ್ತು. 2003ರಲ್ಲಿ ಹಚ್ ಜಾಹೀರಾತು ಬಂತು, ಜನರ ಕಣ್ಣು ಪಗ್ ಕಡೆ ತಿರುಗಿತು.

ಇಲ್ಲೇ ಒಂದು ಪಾಠ ಇದೆ. ನಮ್ಮ ಮುಧೋಳಕ್ಕೆ ತನ್ನ ಊರಿನ ಹೆಸರಿದೆ, ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರವೂ ಇದೆ. ಸ್ಪಿಟ್ಜ್ ಬದುಕಿದ್ದು ಇನ್ನೊಂದು ತಳಿಯ ಹೆಸರಲ್ಲಿ. ಹೆಸರೇ ತಪ್ಪಾದ ಮೇಲೆ ವಂಶಾವಳಿ ಇಡೋರು ಯಾರು? ಕಳೆದುಹೋಗ್ತಿದೆ ಅಂತ ಗೊತ್ತಾಗೋದಾದರೂ ಹೇಗೆ?

ಮನೆಯ ಹಳೇ ಆಲ್ಬಂ ತೆಗೆದು ನೋಡಿ. ಮೂತಿ ಉದ್ದ, ಕಾಲು ಎತ್ತರ ಇದ್ರೆ, ಫೋಟೋ ಹಿಂದೆ ಸರಿಯಾದ ಹೆಸರು ಬರೆದಿಡಿ.