ಸಣ್ಣ ದೋಣಿಯೂ ಗಾಳಿಯ ಸುದ್ದಿಯೂ

ಹಿರೀಸಾವೆಯ ಹೆದ್ದಾರಿಯ ಪಕ್ಕದಲ್ಲಿ ರಾತ್ರಿ ಹೊತ್ತು ನಿಂತರೆ ಮಂಗಳೂರಿನ ಕಡೆಯಿಂದ ಬೆಂಗಳೂರಿಗೆ ಓಡುವ ಲಾರಿಗಳ ಸಾಲು ಕಾಣುತ್ತದೆ. ಅವುಗಳಲ್ಲಿ ಕೆಲವು ಮಳೆಯಿಲ್ಲದ ದಿನವೂ ರಸ್ತೆಯ ಮೇಲೆ ಒದ್ದೆ ಗೆರೆ ಎಳೆಯುತ್ತಾ ಹೋಗುತ್ತವೆ. ಒಳಗಿರುವುದು ಮಂಜುಗಡ್ಡೆಯಲ್ಲಿ ಹುದುಗಿಸಿದ ಬಂಗಡೆ, ಬೂತಾಯಿ, ಅಂಜಲ್. ಹಿಂದಿನ ದಿನವೋ ಅದಕ್ಕೂ ಮೊದಲೋ ಮಲ್ಪೆಯಲ್ಲೋ ಮಂಗಳೂರಿನ ಬಂದರಿನಲ್ಲೋ ಯಾರೋ ಒಬ್ಬರು ಆಕಾಶ ನೋಡಿ, ರೇಡಿಯೋ ಕೇಳಿ, ಜೊತೆಯವರ ಮುಖ ನೋಡಿ, 'ಇವತ್ತು ಹೋಗೋಣ' ಎಂದು ತೀರ್ಮಾನಿಸಿದ್ದರಿಂದ ಆ ಲಾರಿ ನಿಮ್ಮ ಊರಿನ ಮುಂದೆ ಹಾದುಹೋಗುತ್ತಿದೆ. ಆ ತೀರ್ಮಾನಕ್ಕೂ ಒಂದು ಚರಿತ್ರೆಯಿದೆ. ನಮ್ಮ ಪಠ್ಯಪುಸ್ತಕಗಳಲ್ಲಿ ಅದಕ್ಕೆ ಜಾಗ ಸಿಕ್ಕಿಲ್ಲ.

ಹಾಸನ ಜಿಲ್ಲೆಯ ನಿಮಗೆ ಮಳೆಯ ಲೆಕ್ಕ ಹೊಸದಲ್ಲ. ರೋಹಿಣಿ, ಮೃಗಶಿರ, ಆರಿದ್ರ ಎಂದು ಮಳೆ ನಕ್ಷತ್ರಗಳನ್ನು ಎಣಿಸುತ್ತಾ ರಾಗಿ ಬಿತ್ತುವ ಹಿರಿಯರು ನಿಮ್ಮ ಮನೆಯಲ್ಲೇ ಇರಬಹುದು. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಸುರಿಯುವ ಮಳೆ ಪಶ್ಚಿಮ ಘಟ್ಟ ದಾಟಿ ಚನ್ನರಾಯಪಟ್ಟಣಕ್ಕೆ ಬರುವಾಗ ಅದರ ಐದನೇ ಒಂದು ಭಾಗದಷ್ಟಾಗುತ್ತದೆ. ಆದರೆ ರೈತನ ಪ್ರಶ್ನೆ ಬೇರೆ, ಮೀನುಗಾರನ ಪ್ರಶ್ನೆ ಬೇರೆ. ಮಳೆ ಬಂದೀತೇ ಎಂದು ರೈತ ಕೇಳುತ್ತಾನೆ; ಉತ್ತರ ತಪ್ಪಿದರೆ ಬೆಳೆಗೆ ಪೆಟ್ಟು. ಸಂಜೆಯೊಳಗೆ ಮರಳಿ ಬರಲಾದೀತೇ ಎಂದು ಮೀನುಗಾರ ಕೇಳುತ್ತಾನೆ. ಮಳೆ ಅವನಿಗೆ ದೊಡ್ಡ ತೊಂದರೆಯೇನಲ್ಲ. ಗಾಳಿ, ಅಲೆ, ದೂರ ಇವು ಮೂರೂ ಸೇರಿ ಅವನ ಲೆಕ್ಕವನ್ನು ಕಟ್ಟುತ್ತವೆ.

ಹಾಯಿ ಮತ್ತು ಹುಟ್ಟುಗಳ ಕಾಲದಲ್ಲಿ ಈ ಲೆಕ್ಕ ಒಂದು ದಿನದ್ದಾಗಿತ್ತು. ನವೆಂಬರ್‌ನಿಂದ ಫೆಬ್ರವರಿಯವರೆಗೆ ನಮ್ಮ ಕರಾವಳಿಯಲ್ಲಿ ನೆಲಗಾಳಿ, ಕಡಲಗಾಳಿ ಎರಡೂ ಸರದಿಯಂತೆ ಬೀಸುತ್ತವೆ. ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ನೀರು ತಡವಾಗಿ. ಹೀಗಾಗಿ ಬೆಳಗಿನ ಜಾವ ಗಾಳಿ ಮೂಡಣದಿಂದ ಪಡುವಣಕ್ಕೆ, ಎಂದರೆ ನೆಲದಿಂದ ಕಡಲಿಗೆ ಹರಿಯುತ್ತದೆ. ಹಗಲು ನೆಲ ಕಾದ ಮೇಲೆ ದಿಕ್ಕು ತಿರುಗುತ್ತದೆ. ಕತ್ತಲಿರುವಾಗಲೇ ಹಾಯಿ ಬಿಚ್ಚಿದವನನ್ನು ನೆಲಗಾಳಿ ಹೊರಗೆ ಒಯ್ಯುತ್ತಿತ್ತು, ಮಧ್ಯಾಹ್ನ ಕಡಲಗಾಳಿ ಮನೆಗೆ ತರುತ್ತಿತ್ತು. ಪ್ರೌಢಶಾಲೆಯ ಭೂಗೋಳದಲ್ಲಿ ಎರಡು ಬಾಣಗಳ ಚಿತ್ರ ಬರೆದು ನೀವು ಕಲಿತ ಪಾಠ ಅವರಿಗೆ ಬಸ್ಸಿನ ವೇಳಾಪಟ್ಟಿಯಿದ್ದಂತೆ. ಒಂದು ಬೆಳಿಗ್ಗೆ ನೆಲಗಾಳಿ ಏಳದಿದ್ದರೆ ಅನುಭವಿ ತಾಂಡೇಲನಿಗೆ ಅದೇ ಎಚ್ಚರಿಕೆ. ದೂರದಲ್ಲಿ ಬೇರೆ ಏನೋ ದೊಡ್ಡದು ನಡೆಯುತ್ತಿದ್ದು, ದಿನದ ಪುಟ್ಟ ಗಾಳಿಯನ್ನು ಅದು ನುಂಗಿಬಿಟ್ಟಿರಬಹುದು.

ಮಳೆಗಾಲದ ವಿಷಯದಲ್ಲಿ ಗೊಂದಲವಿರಲಿಲ್ಲ. ಜೂನ್ ಬಂತೆಂದರೆ ದೊಡ್ಡ ದೋಣಿಗಳು ದಡಕ್ಕೇರಿ ತೆಂಗಿನ ಗರಿಯ ಮರೆಯಲ್ಲಿ ಕುಳಿತುಕೊಳ್ಳುತ್ತಿದ್ದವು. ಶ್ರಾವಣದ ಹುಣ್ಣಿಮೆಯ ಹೊತ್ತಿಗೆ ಸಮುದ್ರಕ್ಕೆ ಪೂಜೆ ಸಲ್ಲಿಸಿ, ಹಾಲೆರೆದು, ತೆಂಗಿನಕಾಯಿ ಅರ್ಪಿಸಿ ಹೊಸ ಋತುವಿಗೆ ಅಣಿಯಾಗುವುದು ಮೊಗವೀರ, ಖಾರ್ವಿ ಮೊದಲಾದ ಸಮುದಾಯಗಳಲ್ಲಿ ಇಂದಿಗೂ ಉಳಿದಿರುವ ಪದ್ಧತಿ. ಇಷ್ಟಾದರೂ ಮಳೆಗಾಲದಲ್ಲಿ ನಾಡದೋಣಿಯವರು ಸುಮ್ಮನೆ ಕೂರುವುದಿಲ್ಲ. ಉಡುಪಿ ಜಿಲ್ಲೆಯ ಕಡಲ ತೀರದಲ್ಲಿ ಅವರು ತೂಫಾನಿಗಾಗಿ ಕಾಯುತ್ತಾರೆ! ಹೌದು, ಕಾಯುತ್ತಾರೆ. ಒಂದು ಒಳ್ಳೆಯ ತೂಫಾನು ಕಡಲನ್ನು ತಳದಿಂದ ಕಲಕಿದರೆ ಸಿಗಡಿಯೂ ಮೀನೂ ದಡದ ಹತ್ತಿರ ಬರುತ್ತವೆ. ತೂಫಾನು ಬಡಿದು, ನಂತರ ಅಲೆಗಳು ತುಸು ತಗ್ಗಿದ ಆ ಎರಡು ಮೂರು ದಿನಗಳ ಸಂದು ಅವರ ಸುಗ್ಗಿ. ಬೇಗ ಹೊರಟರೆ ದೋಣಿ ಮಗುಚುತ್ತದೆ, ತಡಮಾಡಿದರೆ ಮೀನು ಚದುರುತ್ತದೆ. ಹವಾಮಾನವನ್ನು ಶತ್ರುವೆಂದು ಮಾತ್ರ ವರ್ಣಿಸುವ ನಮ್ಮಂಥ ಒಳನಾಡಿನವರು ಗಮನಿಸಬೇಕಾದ ಸಂಗತಿ ಇದು.

ಅಪಾಯ ನಡುಗಡಲಲ್ಲೇ ಇರಬೇಕೆಂದಿಲ್ಲ. ನದಿ ಸಮುದ್ರ ಸೇರುವ ಅಳಿವೆಯ ಬಾಗಿಲಲ್ಲಿ ಮರಳು ದಿಬ್ಬ ಕಟ್ಟಿರುತ್ತದೆ. ಇಳಿತದ ಹೊತ್ತು ಹೊರಗೆ ನುಗ್ಗುವ ನದಿಯ ನೀರು ಒಳಗೆ ಬರುವ ಅಲೆಗೆ ಎದುರಾದಾಗ ಅಲೆ ಕಡಿದಾಗಿ ಎದ್ದು ಮುರಿಯುತ್ತದೆ. ದಿನವಿಡೀ ದುಡಿದು ಬಂದ ದೋಣಿ ಮನೆ ಕಾಣುವಷ್ಟು ಹತ್ತಿರದಲ್ಲಿ ಮಗುಚುವುದು ಹೀಗೆ. ಆದ್ದರಿಂದ ಹುಣ್ಣಿಮೆ, ಅಮಾವಾಸ್ಯೆ, ಭರತ, ಇಳಿತಗಳ ಲೆಕ್ಕವಿಲ್ಲದೆ ಗಾಳಿಯ ಲೆಕ್ಕ ಪೂರ್ಣವಾಗುವುದಿಲ್ಲ. ಚಿತ್ರೀಕರಣಕ್ಕೆಂದು ಕರಾವಳಿಗೆ ಹೋಗಿದ್ದಾಗ ಒಮ್ಮೆ ನಮ್ಮ ತಂಡ, ಬಿಸಿಲು ಚೆನ್ನಾಗಿದೆ, ಕಡಲು ತಣ್ಣಗಿದೆ, ಇನ್ನೊಂದು ಗಂಟೆ ಇರೋಣ ಎಂದು ಹಟ ಹಿಡಿಯಿತು. ದೋಣಿಯ ಹಿರಿಯರು ಮಾತಾಡದೆ ದೋಣಿ ತಿರುಗಿಸಿದರು. ದಡ ಸೇರಿದ ಮೇಲೆ ಅಳಿವೆಯತ್ತ ಕೈ ತೋರಿದರು. ಅಲ್ಲಿ ಬಿಳಿ ನೊರೆ ಏಳತೊಡಗಿತ್ತು. ವಿಜ್ಞಾನ ಪದವೀಧರನೆಂಬ ನನ್ನ ಹಮ್ಮು ಅಂದು ಸ್ವಲ್ಪ ಇಳಿಯಿತು.

ಇನ್ನು ಸರಕಾರಿ ಮುನ್ಸೂಚನೆಯ ಕಥೆಗೆ ಬರೋಣ. ಅದು ಹುಟ್ಟಿದ್ದು ಹಡಗುಗಳಿಗಾಗಿ. 'ಸೈಕ್ಲೋನ್' ಎಂಬ ಪದವನ್ನೇ 1848ರಲ್ಲಿ ಬಳಕೆಗೆ ತಂದವರು ಕಲ್ಕತ್ತದಲ್ಲಿದ್ದ ಹೆನ್ರಿ ಪಿಡಿಂಗ್ಟನ್. ಇಂಗ್ಲೆಂಡಿನಲ್ಲಿ, ಡಾರ್ವಿನ್ನರನ್ನು ಬೀಗಲ್ ಹಡಗಿನಲ್ಲಿ ಕರೆದೊಯ್ದ ಕ್ಯಾಪ್ಟನ್ ರಾಬರ್ಟ್ ಫಿಟ್ಜ್‌ರಾಯ್ 1854ರಲ್ಲಿ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥರಾದರು. 1859ರಲ್ಲಿ ರಾಯಲ್ ಚಾರ್ಟರ್ ಎಂಬ ಹಡಗು ಬಿರುಗಾಳಿಗೆ ಸಿಕ್ಕಿ ನಾನ್ನೂರಕ್ಕೂ ಹೆಚ್ಚು ಜನ ಸತ್ತ ಮೇಲೆ, ತಂತಿಯ ಮೂಲಕ ಬಂದರುಗಳಿಗೆ ಬಿರುಗಾಳಿಯ ಸುದ್ದಿ ಕಳಿಸುವ ವ್ಯವಸ್ಥೆಯನ್ನು ಅವರು 1861ರಲ್ಲಿ ಆರಂಭಿಸಿದರು. ಮೀನುಗಾರಿಕೆಯ ಸಣ್ಣ ಬಂದರುಗಳಿಗೆ ವಾಯುಭಾರ ಮಾಪಕಗಳನ್ನೂ ಕೊಡಿಸಿದರು. ಅವರಿಗೆ ವಿರೋಧವೂ ಬಂತು. ಎಚ್ಚರಿಕೆ ನಂಬಿ ದೋಣಿಗಳು ಬಂದರಿನಲ್ಲೇ ನಿಂತ ದಿನ ಬಿರುಗಾಳಿ ಬಾರದಿದ್ದರೆ ಆ ದಿನದ ಗಳಿಕೆ ಹೋಯಿತಲ್ಲ ಎಂಬುದು ದೋಣಿ ಮಾಲೀಕರ ದೂರು. 1865ರಲ್ಲಿ ಫಿಟ್ಜ್‌ರಾಯ್ ತೀರಿಕೊಂಡರು, ಮರುವರ್ಷ ಎಚ್ಚರಿಕೆಗಳನ್ನು ನಿಲ್ಲಿಸಲಾಯಿತು. ಬೇಕೆಂಬ ಒತ್ತಾಯ ಬಂದು 1867ರಲ್ಲಿ ಮತ್ತೆ ಶುರುಮಾಡಬೇಕಾಯಿತು.

ನಮ್ಮ ದೇಶದಲ್ಲಿ 1864ರ ಅಕ್ಟೋಬರ್‌ನ ಚಂಡಮಾರುತ ಕಲ್ಕತ್ತ ಪ್ರದೇಶದಲ್ಲಿ ಹತ್ತಾರು ಸಾವಿರ ಜನರನ್ನು ಬಲಿ ತೆಗೆದುಕೊಂಡಿತು. ಮರುವರ್ಷ ಕಲ್ಕತ್ತ ಬಂದರಿಗೆ ಎಚ್ಚರಿಕೆಯ ಏರ್ಪಾಡಾಯಿತು. 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಹುಟ್ಟಿತು. ನಂತರದ ದಶಕಗಳಲ್ಲಿ ಪಶ್ಚಿಮ ಕರಾವಳಿಯ ಬಂದರುಗಳಲ್ಲೂ ಹಗಲಿಗೆ ಶಂಕು, ಉರುಳೆಯಾಕಾರದ ಗುರುತುಗಳು, ರಾತ್ರಿಗೆ ಕೆಂಪು, ಬಿಳಿ ದೀಪಗಳು ಕಂಬಕ್ಕೇರಿದವು. ಈ ಸಂಕೇತಗಳು 1ರಿಂದ 11ರವರೆಗೆ. ಮೊದಲ ಎರಡು, ಅಪಾಯ ದೂರದ ಕಡಲಿನಲ್ಲಿದೆ ಎನ್ನುತ್ತವೆ. 3 ಎಂದರೆ ಬಂದರಿಗೇ ಬಿರುಸಿನ ಗಾಳಿಯ ಭಯ. 8ರಿಂದ 10 ಮಹಾ ಅಪಾಯ. ಕೊನೆಯ 11ರ ಅರ್ಥ ನನಗೆ ಎಲ್ಲಕ್ಕಿಂತ ಭಯಂಕರವಾಗಿ ತೋರುತ್ತದೆ: ಎಚ್ಚರಿಕೆ ಕೊಡುವ ಕೇಂದ್ರದೊಡನೆ ಸಂಪರ್ಕವೇ ಕಡಿದುಹೋಗಿದೆ.

ಈ ಕಂಬಗಳಿದ್ದದ್ದು ಬಂದರುಗಳಲ್ಲಿ. ನಮ್ಮ ರಾಜ್ಯದ ಸುಮಾರು ಮುನ್ನೂರು ಕಿಲೋಮೀಟರ್ ಕರಾವಳಿಯಲ್ಲಿ ಬಂದರಿಗೂ ಬಂದರಿಗೂ ನಡುವೆ ಎಷ್ಟೊಂದು ಬಯಲು ದಡ! ಅಲ್ಲಿಂದ ದೋಣಿ ನೂಕುವವನಿಗೆ ಕಂಬ ಕಾಣುವುದಿಲ್ಲ. ಹಡಗಿನ ನಾವಿಕನಿಗೆ ಸುದ್ದಿ ಇತ್ತು, ನಾಡದೋಣಿಯವನಿಗೆ ಆಕಾಶ ಮಾತ್ರ ಇತ್ತು. ರಂಪಣಿಯ ಕಾಲದಲ್ಲಿ ಇದು ಅಷ್ಟಾಗಿ ಕಾಡಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಗೋವೆಯ ಕಡೆಯಿಂದ ಬಂದ ಆ ಭಾರಿ ಬಲೆಯನ್ನು ದಡದ ಹತ್ತಿರವೇ ಸುತ್ತುಹಾಕಿ ಹತ್ತಾರು ಜನ ಮರಳಿನ ಮೇಲೆ ನಿಂತು ಎಳೆಯುತ್ತಿದ್ದರು. 1960ರ ದಶಕದಿಂದ ಯಾಂತ್ರಿಕ ದೋಣಿಗಳು, 1970ರ ದಶಕದ ನಡುವಿನಿಂದ ಪರ್ಸೀನ್ ಬಲೆಗಳು ಹೆಚ್ಚಿದವು. ರಂಪಣಿ ಹಿಂದೆ ಸರಿಯಿತು. ನಾಡದೋಣಿಗೂ ಹೊರ ಇಂಜಿನ್ ಬಂತು. ದಡದ ಬಳಿ ಮೀನು ಕಡಿಮೆಯಾದಂತೆ ಎಲ್ಲರೂ ಇನ್ನೂ ದೂರ ಹೋದರು. ಇಂದು ಆಳಸಮುದ್ರದ ದೋಣಿಗಳು ಎಂಟು ಹತ್ತು ದಿನ ಕಡಲಲ್ಲೇ ಉಳಿಯುತ್ತವೆ.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ. ದಡದಿಂದ 60 ಕಿ.ಮೀ. ದೂರದಲ್ಲಿರುವ ದೋಣಿ ಎದುರು ಅಲೆಯಲ್ಲಿ ಗಂಟೆಗೆ 10 ಕಿ.ಮೀ. ಸಾಗಿದರೆ ಮರಳಲು ಆರು ಗಂಟೆ ಬೇಕು. ಆಕಾಶ ನೋಡಿ ಮುಂದಿನ ಎರಡು ಮೂರು ಗಂಟೆಗಳನ್ನು ಹೇಳಬಲ್ಲ ಹಿರಿಯರ ವಿದ್ಯೆ ಸುಳ್ಳಾಗಲಿಲ್ಲ, ದೂರಕ್ಕೆ ಸಾಲದಾಯಿತು. ಇಂಜಿನ್ ಕೊಟ್ಟವರು ಅದರ ಜೊತೆಗೇ ಸುದ್ದಿಯನ್ನೂ ಕೊಡಬೇಕಾಗಿತ್ತು ಎಂದು ನನಗೆ ಅನ್ನಿಸುತ್ತದೆ. ಇಂಜಿನ್ ಮೊದಲು ಬಂತು. ಮಂಗಳೂರು ಆಕಾಶವಾಣಿ ಕೇಂದ್ರ 1976ರಲ್ಲಿ ಆರಂಭವಾದ ಮೇಲೆ ದೋಣಿಯಲ್ಲಿನ ಟ್ರಾನ್ಸಿಸ್ಟರ್ ಕೆಲಮಟ್ಟಿಗೆ ಆ ಕೊರತೆ ತುಂಬಿತು.

ಆದರೆ ರೇಡಿಯೋ ಹೇಳಬೇಕಾದರೆ ಇಲಾಖೆಗೆ ಗೊತ್ತಿರಬೇಕಲ್ಲವೇ? ನಡುಗಡಲಿನ ಚಂಡಮಾರುತದ ಸುದ್ದಿ ಬಹುಕಾಲ ಅದಕ್ಕೆ ಸಿಕ್ಕಿದ ಹಡಗುಗಳಿಂದಲೇ ಬರಬೇಕಿತ್ತು. ಈ ಸ್ಥಿತಿಯನ್ನು ಬದಲಿಸಿದ ಕೆಲಸದ ಒಂದು ದೊಡ್ಡ ಪಾಲು ನಡೆದದ್ದು ನಿಮ್ಮ ಜಿಲ್ಲೆಯಲ್ಲೇ. ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರ ಇದೆ. ಬಾನಿಗೆ ಮುಖಮಾಡಿದ ಅದರ ದೊಡ್ಡ ಬಿಳಿ ತಟ್ಟೆಗಳನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. 1982ರಲ್ಲಿ ಕೆಲಸ ಆರಂಭಿಸಿದ ಈ ಕೇಂದ್ರದ ಮೊದಲ ಮಗು ಇನ್ಸಾಟ್-1ಎ ಆ ವರ್ಷದ ಏಪ್ರಿಲ್‌ನಲ್ಲಿ ಮೇಲೇರಿ ಸೆಪ್ಟೆಂಬರ್‌ನಲ್ಲೇ ಕೈತಪ್ಪಿತು. 1983ರ ಆಗಸ್ಟ್‌ನಲ್ಲಿ ಚಾಲೆಂಜರ್ ನೌಕೆಯಲ್ಲಿ ಹೋದ ಇನ್ಸಾಟ್-1ಬಿ ನಿಂತಿತು. ಸುಮಾರು 36,000 ಕಿ.ಮೀ. ಎತ್ತರದಿಂದ ಅದು ಕಳಿಸಿದ ಮೋಡಗಳ ಚಿತ್ರದಲ್ಲಿ ಅರಬ್ಬೀ ಸಮುದ್ರ ಇಡಿಯಾಗಿ ಕಾಣುತ್ತಿತ್ತು. ದೂರದರ್ಶನದ ವಾರ್ತೆಯ ಕೊನೆಗೆ ದೇಶದ ನಕ್ಷೆಯ ಮೇಲೆ ಬಿಳಿ ಮೋಡಗಳನ್ನು ತೋರಿಸುತ್ತಿದ್ದದ್ದು ನಿಮ್ಮ ತಂದೆತಾಯಿಯರಿಗೆ ನೆನಪಿರುತ್ತದೆ. 2013ರ ಇನ್ಸಾಟ್-3ಡಿ, 2016ರ 3ಡಿಆರ್, 2024ರ 3ಡಿಎಸ್ ಅದೇ ವಂಶದವು. ಕಡಲಿನಿಂದ ಇಷ್ಟು ದೂರದ ಹಾಸನ ಕಡಲ ಕಾವಲಿನ ಊರಾದದ್ದು ಹೀಗೆ.

ಕಾವಲಿದ್ದರೂ ಸುದ್ದಿ ತಲುಪದಿದ್ದರೆ ಏನಾಗುತ್ತದೆ ಎಂಬುದನ್ನು 2017ರ ಓಖಿ ತೋರಿಸಿತು. ಅರಬ್ಬೀ ಸಮುದ್ರದಲ್ಲಿ ಚಂಡಮಾರುತಗಳು ಮುಖ್ಯವಾಗಿ ಮುಂಗಾರಿಗೆ ಮೊದಲು ಮತ್ತು ಅದು ಮುಗಿದ ಮೇಲೆ ಏಳುತ್ತವೆ. ಎಂದರೆ, ದೋಣಿಗಳು ನಂಬಿಕೆಯಿಂದ ಹೊರಗಿರುವ ತಿಂಗಳುಗಳಲ್ಲಿ. ನವೆಂಬರ್ 29ರಂದು ಶ್ರೀಲಂಕಾದ ಬಳಿ ವಾಯುಭಾರ ಕುಸಿತವಾಗಿದ್ದದ್ದು 30ರ ಬೆಳಿಗ್ಗೆ ಕನ್ಯಾಕುಮಾರಿಯ ಹತ್ತಿರ ಚಂಡಮಾರುತವಾಗಿತ್ತು. ಕಡಲಿಗಿಳಿಯಬೇಡಿ ಎಂಬ ಮಾತು ದಡದಲ್ಲಿದ್ದವರಿಗೆ ಕೇಳಿಸಿತು. ಮೊದಲೇ ಹೋಗಿದ್ದ ಕೇರಳ, ತಮಿಳುನಾಡಿನ ನೂರಾರು ದೋಣಿಗಳಿಗೆ ಕೇಳಿಸುವುದು ಹೇಗೆ? ಮೊಬೈಲ್ ಫೋನಿನ ಸಂಕೇತ ದಡದಿಂದ ಹದಿನೈದು ಇಪ್ಪತ್ತು ಕಿಲೋಮೀಟರಿನಾಚೆ ಸಿಗುವುದಿಲ್ಲ. ಸತ್ತವರು, ಕಾಣೆಯಾದವರು ಸೇರಿ ಮುನ್ನೂರಕ್ಕೂ ಹೆಚ್ಚು ಜನ. ಗಾಳಿಗೆ ಸಿಕ್ಕಿ ಬದುಕಿದ ಕೆಲವು ದೋಣಿಗಳು ಮಹಾರಾಷ್ಟ್ರದ ಸಿಂಧುದುರ್ಗದವರೆಗೂ ಹೋಗಿ ದಡ ಕಂಡವು.

ಇದಾದ ಮೇಲೆ 2019ರಲ್ಲಿ ಜೆಮಿನಿ ಎಂಬ ಚಿಕ್ಕ ಉಪಕರಣ ಬಂತು. ದಡದಿಂದ ಎಷ್ಟೇ ದೂರವಿದ್ದರೂ ಅದು ಉಪಗ್ರಹದಿಂದ ಎಚ್ಚರಿಕೆ ಪಡೆದು ಮೊಬೈಲ್ ಪರದೆಗೆ ದಾಟಿಸುತ್ತದೆ. ಆದರೆ ಅದು ಕೇಳಿಸಿಕೊಳ್ಳುತ್ತದೆ ಅಷ್ಟೆ, 'ನಾವು ಮುಳುಗುತ್ತಿದ್ದೇವೆ' ಎಂದು ತಿರುಗಿ ಹೇಳಲಾರದು.

ಇನ್ನೊಂದು ತೊಡಕು ಅಳತೆಯದು. ಗಾಳಿ ಗಂಟೆಗೆ 45 ಕಿ.ಮೀ. ಮೀರಿದಾಗ ಮೀನುಗಾರರಿಗೆ ಎಚ್ಚರಿಕೆ ಹೊರಡುವುದು ವಾಡಿಕೆ. ಅಲೆಯ ಎತ್ತರವನ್ನೂ ಹೇಳುತ್ತಾರೆ. ಆದರೆ ಎತ್ತರವೊಂದೇ ಸಾಲದು. ಆಳವಾದ ನೀರಿನಲ್ಲಿ ಅಲೆಯ ಅವಧಿಯನ್ನು ಸೆಕೆಂಡಿನಲ್ಲಿ ಅಳೆದು, ಅದರ ವರ್ಗವನ್ನು 1.56ರಿಂದ ಗುಣಿಸಿದರೆ ಅಲೆಯುದ್ದ ಮೀಟರಿನಲ್ಲಿ ಬರುತ್ತದೆ. 12 ಸೆಕೆಂಡಿನ ಅಲೆಗೆ ಸುಮಾರು 225 ಮೀಟರ್ ಉದ್ದ, 5 ಸೆಕೆಂಡಿನದಕ್ಕೆ 39 ಮೀಟರ್. ಎರಡೂ ಎರಡೂವರೆ ಮೀಟರ್ ಎತ್ತರವಿರಲಿ. ಮೊದಲನೆಯದರ ಮೇಲೆ ಹತ್ತು ಮೀಟರಿನ ದೋಣಿ ತೊಟ್ಟಿಲಿನಂತೆ ಏರಿ ಇಳಿಯುತ್ತದೆ. ಎರಡನೆಯದು ಗೋಡೆಯಂತೆ ಬಂದು ಬಡಿಯುತ್ತದೆ. ಅಡ್ಡ ಸಿಕ್ಕ ದೋಣಿಯನ್ನು ಮಗುಚುತ್ತದೆ. ಹಡಗಿಗೆ ಎರಡೂ ಒಂದೇ. ಹೈದರಾಬಾದಿನಲ್ಲಿ 1999ರಲ್ಲಿ ಸ್ಥಾಪನೆಯಾದ ಸಾಗರ ಮಾಹಿತಿ ಸೇವಾ ಕೇಂದ್ರ ಈಚಿನ ವರ್ಷಗಳಲ್ಲಿ ಅಲೆಯ ಕಡಿದನ್ನೂ ಗಾಳಿಯ ರಭಸವನ್ನೂ ದೋಣಿಯ ಅಗಲವನ್ನೂ ಕೂಡಿಸಿ, ಏಳು ಮೀಟರ್‌ವರೆಗಿನ ಅಗಲದ ದೋಣಿಗಳಿಗೆ ಹತ್ತು ದಿನ ಮುಂಚಿತವಾಗಿ ಸಲಹೆ ಕೊಡುತ್ತಿದೆ. ಫಿಟ್ಜ್‌ರಾಯ್ ಶಂಕು ಏರಿಸಿ ಒಂದೂವರೆ ಶತಮಾನ ಕಳೆದ ಮೇಲೆ ಲೆಕ್ಕದಲ್ಲಿ ಸಣ್ಣ ದೋಣಿಯ ಮೈಯಳತೆಯೂ ಸೇರಿತು.

ಆ ಹಳೆಯ ದೂರು ಇನ್ನೂ ಇದೆ. ಎಚ್ಚರಿಕೆ ಬಂದು ಗಾಳಿ ಬಾರದ ದಿನ ದೋಣಿಯವರ ಮನೆಯ ಗಳಿಕೆ ನಿಲ್ಲುತ್ತದೆ. ಎರಡು ಬಾರಿ ಹಾಗಾದರೆ ಮೂರನೆಯ ಬಾರಿ ಕೆಲವರು ಹೊರಟುಬಿಡುತ್ತಾರೆ. ಕರಾವಳಿಯ ಕಾಲೇಜುಗಳಲ್ಲಿ ನಿಮ್ಮ ಗೆಳೆಯರಿದ್ದರೆ ಕೇಳಿ ನೋಡಿ, ಅಂಥ ಬೆಳಗಿನ ಮಾತುಕತೆ ಅವರ ಮನೆಗಳಲ್ಲಿ ನಡೆದಿರುತ್ತದೆ.

ಋತುವಿನ ಮಟ್ಟಿಗೆ ಮಾತ್ರ ತೀರ್ಮಾನ ಈಗ ಕಾನೂನಿನದು. 2015ರಿಂದ ಪಶ್ಚಿಮ ಕರಾವಳಿಯುದ್ದಕ್ಕೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ನಿಷೇಧ; ನಮ್ಮಲ್ಲಿ ನಾಡದೋಣಿಗಳಿಗೂ ಹತ್ತು ಅಶ್ವಶಕ್ತಿಯವರೆಗಿನ ಇಂಜಿನ್ನಿನವಕ್ಕೂ ವಿನಾಯಿತಿ. ಪೂರ್ವ ಕರಾವಳಿಯಲ್ಲಿ ಆ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಹೀಗಾಗಿ ಜೂನ್ ಕಳೆಯುವಾಗ ಹಿರೀಸಾವೆಯ ಮುಂದಿನ ರಸ್ತೆಯಲ್ಲಿ ಒಂದು ಬದಲಾವಣೆಯನ್ನು ನೀವು ನೋಡಬಹುದು. ಒದ್ದೆ ಗೆರೆ ಎಳೆಯುವ ಲಾರಿಗಳಲ್ಲಿ ಕೆಲವು ತಮಿಳುನಾಡು, ಆಂಧ್ರದ ಮೀನು ಹೊತ್ತು ಬೆಂಗಳೂರಿನ ಕಡೆಯಿಂದ ಮಂಗಳೂರಿನತ್ತ ಹೋಗುತ್ತಿರುತ್ತವೆ.