ಪದಬಂಧದಿಂದ ಜಾಲತಾಣದವರೆಗೆ

‘ಮೆಚ್ಚಿ, ಹಂಚಿ, ಬಹುಮಾನ ಗೆಲ್ಲಿ’ ಎಂಬ ಜಾಲತಾಣದ ಜಾಹೀರಾತನ್ನು ನಾವು ಹೊಸ ಮೋಡಿಯೆಂದು ತಿಳಿಯುತ್ತೇವೆ. ಮೋಡಿ ಹಳೆಯದೇ.

ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ವಾರಪತ್ರಿಕೆಯ ಆರ್.ಎಂ.ಡಿ.ಸಿ. ಪದಬಂಧ ಒಂದು ಕಾಲಕ್ಕೆ ಮುಂಬಯಿ ರಾಜ್ಯದಲ್ಲೂ ಹರಡಿತ್ತು. ಶುಲ್ಕ ತೆತ್ತು ಚೌಕ ತುಂಬಬೇಕು. ಎರಡು ಪದಗಳೂ ಸರಿಹೊಂದುವ ಕಡೆ ಜಾಣ್ಮೆ ಏನು ಮಾಡೀತು? ಸಂಪಾದಕರು ಮೊದಲೇ ನಿಶ್ಚಯಿಸಿಟ್ಟ ಉತ್ತರಕ್ಕೆ ತಾಳೆಯಾದವನಿಗೇ ಬಹುಮಾನ!

ಮುಂಬಯಿ ಸರಕಾರ ತನ್ನ 1948ರ ಕಾಯಿದೆಯನ್ನು 1952ರಲ್ಲಿ ತಿದ್ದಿ, ಹೊರರಾಜ್ಯದ ಪತ್ರಿಕೆಗಳ ಸ್ಪರ್ಧೆಗೂ ತೆರಿಗೆ ಹಾಕಿತು. ವ್ಯಾಜ್ಯ ಸುಪ್ರೀಂ ಕೋರ್ಟನ್ನು ಮುಟ್ಟಿತು. ಜೂಜು ಸಂವಿಧಾನ ರಕ್ಷಿಸುವ ವ್ಯಾಪಾರವಲ್ಲವೆಂದು 1957ರಲ್ಲಿ ತೀರ್ಪಾಯಿತು. ಅದೇ ವರ್ಷದ ಇನ್ನೊಂದು ತೀರ್ಪಿನ ಪ್ರಕಾರ, ಬಹುಮಾನಕ್ಕೆ ತಿಂಗಳಿಗೆ 1000 ರೂಪಾಯಿಯ ಮಿತಿ ಹಾಕಿದ 1955ರ ಕೇಂದ್ರ ಕಾಯಿದೆ ಅದೃಷ್ಟದ ಸ್ಪರ್ಧೆಗಳಿಗೆ ಮಾತ್ರ ಅನ್ವಯ. ಗೆಲುವು ಬಹುಮಟ್ಟಿಗೆ ಜಾಣ್ಮೆಯನ್ನೇ ಅವಲಂಬಿಸಿದ್ದರೆ ಅದು ಜೂಜಲ್ಲ.

ಮುಂದೆ ಕಾನೂನಿನ ದೃಷ್ಟಿ ಗ್ರಾಹಕನತ್ತ ಹೊರಳಿತು. ಕೊಡುವ ಇರಾದೆಯಿಲ್ಲದೆ ಬಹುಮಾನ ಸಾರುವುದು ಅನುಚಿತ ವ್ಯಾಪಾರವೆಂದು 1984ರ ತಿದ್ದುಪಡಿಯೊಂದು ಹೇಳಿತು. ಯೋಜನೆ ಮುಗಿದ ಮೇಲೆ ಫಲಿತಾಂಶ ಮುಚ್ಚಿಡುವುದೂ ತಪ್ಪೆಂದು 2002ರಲ್ಲಿ ಸೇರಿತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಎರಡನ್ನೂ ಉಳಿಸಿಕೊಂಡಿದೆ.

ನಮ್ಮ ಹಿರಿಯರು ಆಣೆಗಳನ್ನು ತೆತ್ತರು. ನಾವು ಹೆಸರು, ವಿಳಾಸ, ಫೋನ್ ನಂಬರು ತೆರುತ್ತಿದ್ದೇವೆ. ಪುಕ್ಕಟೆ ಎಂಬುದು ಅಂದೂ ಇರಲಿಲ್ಲ, ಇಂದೂ ಇಲ್ಲ. ಗೆದ್ದವರನ್ನು ಆರಿಸುವ ಬಗೆ ಯಾವುದು, ಫಲಿತಾಂಶ ಪ್ರಕಟಿಸುವುದೆಲ್ಲಿ? ಈ ಎರಡು ಪ್ರಶ್ನೆಗೆ ಉತ್ತರವಿಲ್ಲದ ಬಹುಮಾನವನ್ನು ನಾವು ಬಿಟ್ಟುಬಿಡುವುದೇ ಲೇಸು.